ಪ್ರತಿ ಓಣಿಯ ಮೊದಲ ಮನೆ ಖಾಲಿ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಜರ್ಮನಿಯ ಸಿಂಡೆಲ್‌ಫಿಂಗೆನ್ ಊರಾಚೆಯ ತಗಡಿನ ಕಾರ್ಖಾನೆಯ ಮೂರನೇ ಶೆಡ್ಡಿನಲ್ಲಿ ಅರ್ಧ ದೀಪಗಳು ಹತ್ತಿವೆ, ಇನ್ನರ್ಧ ಕಣ್ಣು ಪಿಳುಕಿಸುತ್ತಿವೆ. ಮುಂದೆ ಕಾರಿನ ಬಾಗಿಲಾಗಲಿರುವ ಉಕ್ಕಿನ ತಗಡು ಆಳೆತ್ತರದ ಸುರುಳಿಗಳಾಗಿ ಸಾಲುಗಟ್ಟಿ ಬಿದ್ದಿದೆ. ಆ ಸಾಲುಗಳ ನಡುವಿನ ಹಳದಿ ಗೆರೆಯ ಮೇಲೆ ಒಬ್ಬ ಹೆಣ್ಣುಮಗಳು ಅವಸರವಿಲ್ಲದೆ ನಡೆಯುತ್ತಿದ್ದಾರೆ. ತಲೆಗೆ ನೀಲಿ ಹೆಲ್ಮೆಟ್, ಅದರ ಕೆಳಗೆ ಬಿಗಿದು ಕಟ್ಟಿದ ಜಡೆ, ಕಾಲಿಗೆ ಮೂವತ್ತೊಂಬತ್ತನೇ ನಂಬರಿನ ಉಕ್ಕಿನ ಮೂತಿಯ ಬೂಟು. ಅದಕ್ಕಿಂತ ಚಿಕ್ಕದು ಇಲ್ಲಿಯ ಸ್ಟೋರಿನಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಒಳಗೆ ಎರಡು ಜೊತೆ ಸಾಕ್ಸ್. ಎಡಗೈಯಲ್ಲಿ ಅರ್ಧ ಇಟ್ಟಿಗೆಯಷ್ಟಿರುವ ಒಂದು ಕಪ್ಪು ಯಂತ್ರವನ್ನು ಕಿವಿಗೆ ಒತ್ತಿ ಹಿಡಿದಿದ್ದಾರೆ.

ಯಂತ್ರ ಮಾತಾಡುತ್ತಿಲ್ಲ. ಮಾತಾಡದೆ ಇರುವುದೇ ಈ ಹೊತ್ತಿನ ಒಳ್ಳೆಯ ಸುದ್ದಿ. "ಈಗ ಇದು ಸುಮ್ನ ಓಡಬೇಕ್ರಿ, ಎಲ್ಲೂ ನಿಂದರಬಾರ್ದು," ಎನ್ನುತ್ತಾರೆ ಮಧುಮತಿ. "ನಿಂತ್ರ ಎಲ್ಲೋ ಏನೋ ಕೆಟ್ಟೈತಿ ಅಂತನ ಲೆಕ್ಕ."

ಇದು ಸ್ಕ್ಯಾನರ್. ಕಾರ್ಖಾನೆಯಲ್ಲಿ ಇಂಥ ಕ್ರೇನಿಗೆ ಇಂಥದು, ಒಳಗಿನ ರೈಲಿಗೆ ಇನ್ನೊಂದು, ಬೆಂಕಿ ಆರಿಸುವವರಿಗೆ ಮತ್ತೊಂದು ಎಂದು ಒಟ್ಟು ನೂರು ರೇಡಿಯೊ ಚಾನೆಲ್‌ಗಳಿವೆ. ನೂರನಲವತ್ತು ಕೈ ರೇಡಿಯೊಗಳಿವೆ. ಅದರಲ್ಲಿ ಒಂದರ ಗುಂಡಿ ಒತ್ತಿದಂತೆಯೇ ಸಿಕ್ಕಿಕೊಂಡರೆ ಆ ಚಾನೆಲ್ ಪೂರ್ತಿ ಬಂದ್. ಕೆಳಗೆ ನಿಂತವನು ಎಷ್ಟು ಬಾಯಿ ಬಡಿದುಕೊಂಡರೂ ಮೇಲಿನ ಕ್ರೇನಿನವನಿಗೆ ಕೇಳುವುದಿಲ್ಲ, ಎಂಟು ಟನ್ನಿನ ಸುರುಳಿ ಕೆಳಗಿಳಿಯುತ್ತಲೇ ಇರುತ್ತದೆ. ಆರು ಗಂಟೆಗೆ ಪಾಳಿ ಶುರುವಾಗುವ ಮುಂಚೆ ನೂರು ಚಾನೆಲ್‌ಗಳ ಮೇಲೂ ಕಿವಿಯಾಡಿಸಿ, "ಎಲ್ಲ ಸರಿ" ಎಂದು ರುಜು ಹಾಕುವುದು ಈ ಹೆಣ್ಣುಮಗಳ ಕೆಲಸ. ದಿನಕ್ಕೆ ನಾಲ್ಕು ಕಿಲೋಮೀಟರ್ ನಡಿಗೆ, ಆರು ಶೆಡ್, ಐವತ್ತು ನಿಮಿಷ. ಸುರುಳಿಯ ಕೆಳಗೆ ಓಡಾಡುವ ಮುನ್ನೂರು ಜನಕ್ಕೆ ಆಕೆಯ ಹೆಸರು ಸರಿಯಾಗಿ ಗೊತ್ತಿಲ್ಲ. ಅವರ ಪಾಲಿಗೆ ಆಕೆ "ರೇಡಿಯೊ ಹೆಂಗಸು", ಅಷ್ಟೇ.

ಇಲ್ಲಿಯ ಗ್ರೀನ್ ಕಾರ್ಡ್, ಅಂದರೆ ಹೊರದೇಶದ ಎಂಜಿನಿಯರ್‌ಗಳಿಗೆ ಕೊಡುವ ಕೆಲಸದ ಪರವಾನಗಿ, ಶುರುವಾಗಿ ಮೂರು ವರ್ಷವಾಯಿತು. ಜರ್ಮನಿಗೆ ಬಂದ ನಮ್ಮ ಎಂಜಿನಿಯರ್‌ಗಳ ಬಗ್ಗೆ ಪತ್ರಿಕೆಗಳು ಬರೆದಿದ್ದೇ ಬರೆದದ್ದು. ಸೂಟು, ಲ್ಯಾಪ್‌ಟಾಪು, ಹಿಮದಲ್ಲಿ ನಿಂತ ಫೋಟೊ. ಅವರ ಜೊತೆ ಅದೇ ವಿಮಾನದಲ್ಲಿ ಬಂದ ಹೆಂಡಂದಿರು ಏನು ಮಾಡುತ್ತಿದ್ದಾರೆ ಎಂದು ಒಬ್ಬರಾದರೂ ಕೇಳಿದ್ದರೆ ಹೇಳಿ! ಮಧುಮತಿಯವರ ಗಂಡ ಪ್ರವೀಣಕುಮಾರ ಗೋಕಾಕದವರು. ಶ್ವೀಬರ್ಡಿಂಗೆನ್‌ನಲ್ಲಿ ಕಾರಿನ ಎಲೆಕ್ಟ್ರಾನಿಕ್ಸ್ ಎಂಜಿನಿಯರ್, ಐದು ವರ್ಷದ ಗ್ರೀನ್ ಕಾರ್ಡ್. ಮನೆ ಬೋಬ್ಲಿಂಗೆನ್‌ನಲ್ಲಿ. ಮಗಳು ಧೃತಿಗೆ ಐದು ವರ್ಷ, ಕಿಂಡರ್‌ಗಾರ್ಟನ್‌ಗೆ ಹೋಗುತ್ತಾಳೆ, ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುತ್ತಾಳೆ. ಯುಗಾದಿಗೆ ಸ್ಟುಟ್‌ಗಾರ್ಟ್‌ನಲ್ಲಿ ಕನ್ನಡದವರೆಲ್ಲ ಸೇರಿದಾಗ ಯಾರೋ ಕೇಳಿದರಂತೆ, ನೀವೇನ್ ಮಾಡ್ತೀರಿ ಅಂತ. "ರೇಡಿಯೊ ರಿಪೇರಿ ಮಾಡ್ತೇನ್ರಿ ಅಂದೆ. ಓ, ಹಾಬಿ ಏನ್ರಿ, ಅಂದ್ರು," ಎಂದು ನಗುತ್ತಾರೆ. ಆ ನಗುವಿನ ಹಿಂದೆ ಒಂದು ಚೂರು ಸಿಟ್ಟು ಇನ್ನೂ ಉಳಿದಿದೆ, ಇರಲೂ ಬೇಕು.

ಹಾಬಿ ಅಲ್ಲ ಸ್ವಾಮಿ, ಹುಟ್ಟಿದಾಗಿನಿಂದ ಬಂದ ವಿದ್ಯೆ. ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಹಾಲಸಿದ್ದಪ್ಪ ಎಂಬವರ ರೇಡಿಯೊ ರಿಪೇರಿ ಅಂಗಡಿ ಇದೆ. ನಲವತ್ತು ವರ್ಷದ ಹಳೆಯ ಅಂಗಡಿ. ಅವರ ಒಬ್ಬಳೇ ಮಗಳು ಈ ಮಧುಮತಿ. ಶಾಲೆ ಬಿಟ್ಟ ಮೇಲೆ ಅಪ್ಪನ ಕಾಲ ಬಳಿ ಕೂತು ಸ್ಕ್ರೂಗಳನ್ನು ಆರಿಸಿ ಕೊಡುತ್ತಿದ್ದ ಹುಡುಗಿ, ಹತ್ತನೇ ಇಯತ್ತೆಗೆ ಬರುವ ಹೊತ್ತಿಗೆ ಬೆಸುಗೆ ಹಾಕುತ್ತಿದ್ದಳು. ದೀಪ ಹಚ್ಚಿದ ಮೇಲೆ ಮಗ್ಗಿ ಹೇಳದಿದ್ದರೆ ಊಟವಿಲ್ಲ ಎನ್ನುವ ಮನೆ ಅದು. ಎರಡರಿಂದ ಇಪ್ಪತ್ತರ ತನಕ ಹೇಳಿದರೆ ಸಾಲದು, ಕಾಲು, ಅರೆ, ಮುಕ್ಕಾಲಿನ ಮಗ್ಗಿಯೂ ಬಾಯಿಗೆ ಬರಬೇಕು. ಆಮೇಲೆ ಐಟಿಐ, ರೇಡಿಯೊ ಟಿವಿ ಮೆಕ್ಯಾನಿಕ್ ಟ್ರೇಡು. ಇಪ್ಪತ್ನಾಲ್ಕು ಜನರ ಕ್ಲಾಸಿನಲ್ಲಿ ಒಬ್ಬಳೇ ಹುಡುಗಿ, ಪಾಸಾದದ್ದು ಮೊದಲ ನಂಬರಿನಲ್ಲಿ.

ಆ ಸರ್ಟಿಫಿಕೇಟನ್ನು ಭಾಷಾಂತರ ಮಾಡಿಸಿ, ಸೀಲು ಹಾಕಿಸಿ, ಇಲ್ಲಿಯ ಆಫೀಸಿಗೆ ಕೊಟ್ಟರೆ ಏನಾಯಿತು? ನಮ್ಮ ಲೆಕ್ಕಕ್ಕೆ ಇದು ಬರುವುದಿಲ್ಲ ಎಂದು ಎರಡು ಸಾಲಿನ ಕಾಗದ ಬಂತು. ಹೆಂಡತಿಯಾಗಿ ಬಂದವರಿಗೆ ಕೆಲಸದ ಪರವಾನಗಿ ಸಿಗಲು ಮೊದಲೇ ಒಂದು ವರ್ಷ ಕಾಯಬೇಕು. ಆ ವರ್ಷವಿಡೀ ಅವರು ಮನೆಯ ಟೋಸ್ಟರನ್ನು ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಜೋಡಿಸಿದರಂತೆ. "ಕೆಟ್ಟಿದ್ದಿಲ್ರಿ ಅದು. ಕೈ ಸುಮ್ನ ಕುಂದರಬೇಕಲ್ಲ?"

ಕಡೆಗೆ ದಾರಿ ತೋರಿಸಿದ್ದು ಒಂದು ಅಂಗಡಿಯ ಗಾಜಿನ ಕಿಟಕಿ. ಬೋಬ್ಲಿಂಗೆನ್‌ನಲ್ಲಿ ಐಸೆಲೆ ಎಂಬ ಅರವತ್ತರ ಮನುಷ್ಯನ ರೇಡಿಯೊ ವರ್ಕ್‌ಶಾಪ್ ಇದೆ. ಒಂಬತ್ತು ಜನರ ಸಣ್ಣ ಸಂಸ್ಥೆ, ಕಾರ್ಖಾನೆಗಳ ರೇಡಿಯೊಗಳನ್ನು ನೋಡಿಕೊಳ್ಳುವ ಗುತ್ತಿಗೆ. ಕಿಟಕಿಯಲ್ಲಿದ್ದ ಹಳೆಯ ವಾಲ್ವ್ ರೇಡಿಯೊ ನೋಡುತ್ತ ದಿನಾ ನಿಲ್ಲುತ್ತಿದ್ದ ಈಕೆಯನ್ನು ಐಸೆಲೆ ಒಂದು ದಿನ ಒಳಗೆ ಕರೆದು, ಸತ್ತುಹೋಗಿದ್ದ ಒಂದು ಕೈ ರೇಡಿಯೊವನ್ನು ಮುಂದಿಟ್ಟ. ಬಿಟ್ಟುಹೋಗಿದ್ದ ಬೆಸುಗೆಯನ್ನು ಇಪ್ಪತ್ತು ನಿಮಿಷದಲ್ಲಿ ಹುಡುಕಿ ಕೊಟ್ಟರು. ಜರ್ಮನ್ ಆಗ ಬರುತ್ತಿದ್ದುದು ಮೂವತ್ತು ಶಬ್ದ. ಹೋದ ವರ್ಷ ಅಕ್ಟೋಬರಿನಲ್ಲಿ ಕೆಲಸ ಸಿಕ್ಕಿತು, ಆರು ತಿಂಗಳು ಪ್ರೋಬೆಟ್ಸೈಟ್, ಅಂದರೆ ಪರೀಕ್ಷೆಯ ಅವಧಿ. ಅದು ಮುಗಿಯುವ ಮುಂಚೆ ಮಾಲೀಕ ಬೇಡ ಅಂದರೆ ಬೇಡ. ಪರವಾನಗಿ ಕೊಟ್ಟಿದ್ದೂ ಈ ಒಂದೇ ಜಾಗದ ಹೆಸರಿಗೆ. ಇದು ಹೋದರೆ ಮತ್ತೆ ಟೋಸ್ಟರೇ ಗತಿ.

ಸ್ಕ್ಯಾನರ್ ಕೈಗೆ ಬಂದದ್ದು ಆಗಲೇ. ಹೇಳಿ ಕೇಳಿ ಇದು ಜರ್ಮನಿ. ಕಂಡವರ ರೇಡಿಯೊ ಮಾತು ಕದ್ದು ಕೇಳುವುದು ಇಲ್ಲಿ ಅಪರಾಧ, ಹಾಗಾಗಿ ಈ ಕಾರ್ಖಾನೆಯ ಚಾನೆಲ್ ಮಾತ್ರ ಕೇಳಬಹುದು ಎಂಬ ಸೀಲಿನ ಕಾಗದವೊಂದು ಮಧುಮತಿಯವರ ಕುತ್ತಿಗೆಯ ಪಟ್ಟಿಯಲ್ಲೇ ನೇತಾಡುತ್ತದೆ. ಯಂತ್ರದ ಒಳಗೆ ನೂರು ಮೆಮೊರಿ. ಒಂದೊಂದರಲ್ಲಿ ಒಂದೊಂದು ಚಾನೆಲ್ಲಿನ ಅಂಕಿಯನ್ನು ಬೆರಳಿನಿಂದ ಒತ್ತಿ ಕೂರಿಸಬೇಕು. ಹತ್ತು ಹತ್ತರ ಹತ್ತು ಗುಂಪು. ಗುಂಪಿಗೆ ಮಧುಮತಿ ಇಟ್ಟ ಹೆಸರು ಓಣಿ, ಒಂದೊಂದು ಮೆಮೊರಿಗೆ ಮನೆ. ಹತ್ತು ಓಣಿ, ಓಣಿಗೆ ಹತ್ತು ಮನೆ. ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಮನೆಯಿಂದ ಮನೆಗೆ ಜಿಗಿಯುತ್ತದೆ, ಯಾವ ಮನೆಯಲ್ಲಿ ಸದ್ದಿದೆಯೋ ಅಲ್ಲಿ ನಿಂತು ಕೇಳಿಸುತ್ತದೆ. ಕಾರ್ಖಾನೆಯದೂ ನೂರು ಚಾನೆಲ್, ಯಂತ್ರದ್ದೂ ನೂರು ಮನೆ. ನೂರಕ್ಕೆ ನೂರು! ಈ ಹೊಂದಾಣಿಕೆ ನೋಡಿಯೇ ಐಸೆಲೆ ಈ ಮಾದರಿಯನ್ನು ಆರಿಸಿದ್ದ. ಕಾರ್ಖಾನೆಯ ಮ್ಯಾನೇಜರ್ ಮುಂದೆ ಜಂಬ ಕೊಚ್ಚಿಕೊಂಡೂ ಬಂದಿದ್ದ.

ಅಂಥ ಯಂತ್ರದಲ್ಲಿ ನಮ್ಮ ಚಿಕ್ಕೋಡಿಯ ಮಗಳು ಮಾಡಿದ್ದೇನು? ಪ್ರತಿ ಓಣಿಯ ಮೊದಲ ಮನೆಯನ್ನು ಖಾಲಿ ಬಿಟ್ಟರು.

ಕಾರಣ ಕೇಳಿದರೆ ನೀವೂ ನಾವೂ ಹೌದಲ್ಲ ಎನ್ನಬೇಕು. ಹಾಲಸಿದ್ದಪ್ಪನವರ ಅಂಗಡಿಯಲ್ಲಿ ರಿಪೇರಿಗೆ ಬಂದ ರೇಡಿಯೊಗಳನ್ನು ಬರೆದಿಡುವ ಒಂದು ಉದ್ದನೆಯ ವಹಿ ಇದೆ. ಪ್ರತಿ ಪುಟದ ನೆತ್ತಿಯ ಮೇಲೆ "ಶ್ರೀ" ಎಂದು ಬರೆದು ಆ ಸಾಲನ್ನು ಹಾಗೇ ಬಿಡುತ್ತಾರೆ, ಗಿರಾಕಿಯ ಹೆಸರು ಎರಡನೇ ಸಾಲಿನಿಂದ. ನಮ್ಮಲ್ಲಿ ಯಾವ ಅಂಗಡಿಯ ವಹಿ ತೆಗೆದರೂ ಇದೇ ಅಲ್ಲವೇ? ನೋಡುತ್ತಲೇ ಬೆಳೆದ ಕೈ, ಯಂತ್ರಕ್ಕೆ ಅಂಕಿ ತುಂಬುವಾಗಲೂ ಹಾಗೇ ಮಾಡಿತು. ಯಂತ್ರಕ್ಕೆ ಅಂಕಿ ಬಿಟ್ಟರೆ ಅಕ್ಷರ ಗೊತ್ತಿಲ್ಲ, ಶ್ರೀ ಬರೆಯುವ ಹಾಗಿಲ್ಲ. ಹಾಗಾಗಿ ಬರೀ ಖಾಲಿ. "ವಿಚಾರ ಮಾಡಿ ಮಾಡಿದ್ದಲ್ರಿ," ಎನ್ನುತ್ತಾರೆ. "ಮೊದಲ್ನೇ ಓಣಿ ಬಿಟ್ಟೆ. ಎರಡ್ನೇದು ಬಂತು, ಹೊಸಾ ಪುಟ ಇದ್ದಂಗ ಅನಿಸ್ತು, ಅದನ್ನೂ ಬಿಟ್ಟೆ. ಹತ್ತೂ ಓಣಿ ಮುಗದ ಮ್ಯಾಲೆ ನೋಡ್ತೇನಿ, ಹತ್ತ ಚಾನೆಲ್ಲಿಗೆ ಮನಿನ ಇಲ್ಲ!"

ಅಳಿಸಿ ಮೊದಲಿನಿಂದ ತುಂಬಬಹುದಿತ್ತು. ಮನಸ್ಸು ಬರಲಿಲ್ಲ. ಉಳಿದ ಹತ್ತು ಚಾನೆಲ್‌ಗಳನ್ನು ತಲೆಯಲ್ಲಿಟ್ಟುಕೊಂಡು, ದಿನಾ ಬೆಳಿಗ್ಗೆ ಯಂತ್ರದ ತಿರುಗಣಿಯನ್ನು ಕೈಯಿಂದ ತಿರುಗಿಸಿ ಒಂದೊಂದನ್ನೂ ಹುಡುಕಿ ಕೇಳತೊಡಗಿದರು. ಇಲ್ಲಿಯ ಚಾನೆಲ್‌ಗಳ ನಡುವಿನ ಅಂತರ ಹನ್ನೆರಡೂವರೆ ಕಿಲೋಹರ್ಟ್ಸ್. ಉಳಿದವರು ಕ್ಯಾಲ್ಕುಲೇಟರ್ ಒತ್ತುವಲ್ಲಿ ಈಕೆಯ ಬಾಯಲ್ಲಿ ಮಗ್ಗಿ ಬರುತ್ತದೆ. ಹನ್ನೆರಡೂವರೆ ಒಂದ್ಲೆ ಹನ್ನೆರಡೂವರೆ, ಎರಡ್ಲೆ ಇಪ್ಪತ್ತೈದು, ಮೂರ್ಲೆ ಮೂವತ್ತೇಳೂವರೆ. ಅದಕ್ಕೆ ಹನ್ನೆರಡು ನಿಮಿಷ ಜಾಸ್ತಿ ಬೇಕು, ಸರಿ, ನಾಲ್ಕೂ ಐವತ್ತರ ಬಸ್ಸು ಬಿಟ್ಟು ನಾಲ್ಕೂ ಮೂವತ್ತೆಂಟರ ಮೊದಲ ಬಸ್ಸು. ಚಳಿಗಾಲ ಪೂರ್ತಿ ಹೀಗೇ ನಡೆಯಿತು. ನೂರು ಚಾನೆಲ್ ಕೇಳಿದೆ ಎಂದು ಹಾಕಿದ ರುಜುವಿನಲ್ಲಿ ಒಂದು ದಿನವೂ ಸುಳ್ಳಿರಲಿಲ್ಲ.

ಮಾರ್ಚ್ ತಿಂಗಳು, ಪರೀಕ್ಷೆಯ ಅವಧಿ ಮುಗಿಯಲು ಇನ್ನು ಹದಿನೈದು ದಿನ. ಒಂದು ಗುರುವಾರ ಐಸೆಲೆ ಯಂತ್ರವನ್ನು ಚಾನೆಲ್‌ಗಳ ಪಟ್ಟಿಯ ಪಕ್ಕ ಇಟ್ಟುಕೊಂಡು ತಾಳೆ ನೋಡಿದ. ಅಷ್ಟೇ, ಕೆಂಪಗಾದ. ಅವನ ಜರ್ಮನ್ ಮಾತನ್ನು ಮಧುಮತಿ ನಮಗೆ ಹೇಳುವುದು ಅಪ್ಪಟ ಚಿಕ್ಕೋಡಿ ಕನ್ನಡದಲ್ಲಿ. ಪಾಪ, ಆ ಮನುಷ್ಯನಿಗೆ ತಾನು ಹೀಗೆಲ್ಲ ಮಾತಾಡುತ್ತೇನೆಂದು ಗೊತ್ತಿದ್ದರೆ!

"ನೂರ ಮನಿ ಅದಾವು, ತೊಂಬತ್ತ ಯಾಕ ತುಂಬೀ, ಅಂದಾ. ರೂಢಿರೀ ಅಂದೆ. ಎಂಥಾ ರೂಢಿ, ಅಂದಾ. ದೇವರ ಸಾಲು ಅಂತ ಹೇಳಾಕ ನಂಗ ಜರ್ಮನ್ ಬರಲಿಲ್ಲ, ನಾಚಿಕಿನೂ ಬಂತ್ರಿ. ಆಗ ಅಂವ ಒಂದ ಮಾತ ಕೇಳಿದಾ ನೋಡ್ರಿ, ನಾಳೆ ನಿನಗ ಜ್ವರ ಬಂತು ಅಂದ್ರ ಬಿಟ್ಟ ಹತ್ತ ಯಾವು ಅಂತ ಯಾರಿಗೆ ಗೊತ್ತೈತಿ, ಅಂದಾ. ಅದು ನನ್ನ ತಪ್ಪ ಐತ್ರಿ, ಖರೇನ. ಎಲ್ಲಾ ನನ್ನ ತಲಿಯಾಗ ಇಟಗೊಂಡಿದ್ದೆ, ಒಂದ ಚೀಟಿ ಸೈತ ಬರದಿರಲಿಲ್ಲ."

ಐಸೆಲೆ ಕೂಗಾಡುವ ಜಾತಿಯಲ್ಲ. ಸೋಮವಾರದೊಳಗೆ ನೂರೂ ತುಂಬಿರಬೇಕು, ಇಲ್ಲದಿದ್ದರೆ ಏಪ್ರಿಲ್‌ನಿಂದ ಬರುವುದು ಬೇಡ ಎಂದು ತಣ್ಣಗೆ ಹೇಳಿ ಹೋದ. ಆ ಸಂಜೆ ಮನೆಯಲ್ಲಿ ಪ್ರವೀಣಕುಮಾರರದೂ ಅದೇ ರಾಗ. "ಸುಮ್ನ ತುಂಬಿಬಿಡಽ ಮಾರಾಯ್ತಿ. ಡಬ್ಬಿ ಅವಂದು, ಚಾನೆಲ್ ಅವರದು. ನಿಂದೇನ್ ಗಂಟ ಹೋಗತೈತಿ?" ಅಡುಗೆಮನೆಯ ಮೇಜಿನ ಮೇಲೆ ಯಂತ್ರ ಇಟ್ಟುಕೊಂಡು ಮಧುಮತಿ ತುಂಬಲು ಕೂತರು. ಮೊದಲನೇ ಓಣಿ, ಎರಡನೇ ಓಣಿ, ಮೂರನೆಯದು. ಅಂಕಿ ಒತ್ತಿದಾಗಲೆಲ್ಲ ಕೀ ಎಂಬ ಸದ್ದು. ಒಂಬತ್ತು ತುಂಬಿದರು. ಹತ್ತನೇ ಓಣಿಯ ಮೊದಲ ಮನೆಗೆ ಬಂದಾಗ ಬೆರಳು ಮುಂದಕ್ಕೆ ಹೋಗಲಿಲ್ಲ.

"ಕಣ್ಣಾಗ ನೀರ ಬಂದ್ವರಿ," ಎನ್ನುತ್ತಾರೆ, ಮುಚ್ಚುಮರೆಯಿಲ್ಲದೆ. "ಅಪ್ಪನ ವಹಿ ನೆನಪಾತು. ಶುಕ್ರವಾರ ಒಂದ ದಿನ ಇರ್ಲಿ, ಶನಿವಾರ ತುಂಬಿದ್ರಾತು ಅಂತ ಹಂಗ ಚೀಲಕ್ಕ ಹಾಕ್ದೆ."

ಶುಕ್ರವಾರ ಬೆಳಿಗ್ಗೆ ಕೈಯಿಂದ ಹುಡುಕಬೇಕಾದ ಚಾನೆಲ್ ಉಳಿದಿದ್ದು ಒಂದೇ ಒಂದು, ಗುಜರಿ ತಗಡು ಸಾಗಿಸುವ ಗಾಡಿಯವರದು. ಐದು ಗಂಟೆ ನಲವತ್ತೊಂದು ನಿಮಿಷ. ಮೂರನೇ ಶೆಡ್ಡಿನ ಬಾಗಿಲಲ್ಲಿ ನಿಂತು ತಿರುಗಣಿಯನ್ನು ಒಂದೊಂದೇ ಹೆಜ್ಜೆ ತಿರುಗಿಸುತ್ತಿದ್ದಾರೆ. ಎರಡು ಚಾನೆಲ್ಲಿನ ನಡುವೆ, ಯಾರೂ ಇರಬಾರದ ಬಯಲಿನಲ್ಲಿ, ಒಂದು ಗಂಡಸಿನ ದನಿ ಚೂರು ಕೇಳಿ ಮಾಯವಾಯಿತು. ತಿರುಗಣಿ ಹಿಂದಕ್ಕೆ ತಂದರು. ಏನಿಲ್ಲ. ನೆರೆಯ ಊರಿನ ಸದ್ದೋ, ಭ್ರಮೆಯೋ! ಆದರೂ ಬಿಡಲು ಮನಸ್ಸಿಲ್ಲ. ಅಲ್ಲೇ ನಿಂತು ಕಾಯೋಣವೆಂದರೆ ಉಳಿದ ಚಾನೆಲ್ ಕೇಳುವವರು ಯಾರು? ಆ ಅಂಕಿಯನ್ನು ಯಂತ್ರಕ್ಕೆ ಹಾಕಿಬಿಟ್ಟರೆ ಅದೇ ಸುತ್ತು ಬಂದಾಗಲೆಲ್ಲ ಹಣಕಿ ನೋಡುತ್ತದೆ. ಹಾಕಲು ಒಂದು ಖಾಲಿ ಮನೆ ಬೇಕು. ತೊಂಬತ್ತೊಂಬತ್ತು ತುಂಬಿವೆ. ಒಂದು ಇದೆ.

ಎರಡು ಗುಂಡಿ ಒತ್ತಿದರು. ಹತ್ತನೇ ಓಣಿಯ ಮೊದಲ ಮನೆಯಲ್ಲಿ ಆ ಬಯಲಿನ ಅಂಕಿ ಹೋಗಿ ಕೂತಿತು.

ಐದು ಗಂಟೆ ಐವತ್ತೆರಡು. ಮಧುಮತಿ ಕಾಲಿಟ್ಟ ನಾಲ್ಕನೇ ಶೆಡ್ಡಿನಲ್ಲಿ, ಪಾಳಿ ಶುರುವಾಗುವ ಮುಂಚೆಯೇ, ದಿನದ ಮೊದಲ ಲಾರಿಗೆ ಸುರುಳಿ ಇಳಿಸುತ್ತಿದ್ದಾರೆ. ಓಡುತ್ತಿದ್ದ ಯಂತ್ರ ಥಟ್ಟನೆ ನಿಂತಿತು, ಹತ್ತನೇ ಓಣಿಯ ಮೊದಲ ಮನೆಯಲ್ಲಿ. "ಲಾಂಗ್‌ಸಾಮ್... ಲಾಂಗ್‌ಸಾಮ್..." ಅಂದರೆ ನಿಧಾನ, ನಿಧಾನ. ದನಿ ಯೂಸುಫ್‌ನದು. ನಾಲ್ಕನೇ ಶೆಡ್ಡಿನ ನೆಲದ ಮೇಲೆ ನಿಂತು ಕ್ರೇನಿಗೆ ಹೇಳುವ ಆಳು, ದಿನಾ ಬೆಳಿಗ್ಗೆ ಮಧುಮತಿಯವರಿಗೆ "ನಮಸ್ಕಾರ ಅಕ್ಕಾ" ಎಂದು ತನ್ನ ಟರ್ಕಿ ಭಾಷೆಯಲ್ಲಿ ಕೈಬೀಸುವವನು. ಅವನ ಚಾನೆಲ್ ಇರುವುದು ನಾಲ್ಕನೇ ಓಣಿಯಲ್ಲಿ. ಇಲ್ಲೇನು ಮಾಡುತ್ತಿದ್ದಾನೆ? ಅದಕ್ಕಿಂತ ಹೆಚ್ಚಾಗಿ, ಕ್ರೇನಿನವನು ಯಾಕೆ ಉತ್ತರ ಕೊಡುತ್ತಿಲ್ಲ?

ತಿಳಿಯಲು ಎರಡು ಉಸಿರು ಸಾಕಾಯಿತು. ಯೂಸುಫ್‌ನ ರೇಡಿಯೊ ದಾರಿ ತಪ್ಪಿತ್ತು. ಅವನು ಹೇಳುವುದು ಮೇಲೆ ಕೇಳುತ್ತಲೇ ಇಲ್ಲ. ತಲೆ ಎತ್ತಿ ನೋಡಿದರೆ ಎಂಟು ಟನ್ನಿನ ಸುರುಳಿ ಇಳಿಯುತ್ತಿದೆ. ಲಾರಿಯ ಡ್ರೈವರ್ ಮರದ ಬೆಣೆ ಇಡಲು ಹಿಂದಿನ ಹಲಗೆಯ ಮೇಲೆ ಹತ್ತಿ ಬಗ್ಗಿದ್ದಾನೆ. ಸುರುಳಿಯೇ ಅಡ್ಡ ಬಂದು ಯೂಸುಫ್‌ನ ಕೈಸನ್ನೆ ಕ್ರೇನಿನವನಿಗೆ ಕಾಣುತ್ತಿಲ್ಲ. ಯಂತ್ರದಲ್ಲಿ ಯೂಸುಫ್ ಈಗ "ಹಾಲ್ಟ್! ಹಾಲ್ಟ್!" ಎಂದು ಕಿರುಚುತ್ತಿದ್ದಾನೆ, ಅದನ್ನು ಕೇಳುತ್ತಿರುವವರು ಇಡೀ ಲೋಕದಲ್ಲಿ ಮಧುಮತಿ ಒಬ್ಬರೇ.

ಸೊಂಟದ ಕೈ ರೇಡಿಯೊ ಕಿತ್ತರು, ನಾಲ್ಕನೇ ಶೆಡ್ಡಿನ ಚಾನೆಲ್ಲಿಗೆ ತಿರುಗಿಸಿದರು, ಜೀವಮಾನದಲ್ಲಿ ಕೂಗದಷ್ಟು ಜೋರಾಗಿ ಕೂಗಿದರು. "ಹಾಲ್ಟ್! ಹಾಲ್ಲೆ ಫೀರ್, ಹಾಲ್ಟ್!" ನಿಲ್ಲಿಸು, ನಾಲ್ಕನೇ ಶೆಡ್ಡು, ನಿಲ್ಲಿಸು!

ಸುರುಳಿ ನಿಂತಿತು. ಬಗ್ಗಿದವನ ಬೆನ್ನಿಗೂ ಅದಕ್ಕೂ ಉಳಿದಿದ್ದ ಜಾಗವನ್ನು ಯೂಸುಫ್ ನಮಗೆ ಕೈ ಅಗಲಿಸಿ ತೋರಿಸಿದ. ಒಂದು ಮೊಳ. ಲಾರಿ ಡ್ರೈವರ್‌ಗೆ ಏನೂ ಗೊತ್ತಾಗಿರಲಿಲ್ಲ. ಬೆಣೆ ಇಟ್ಟು ತಲೆ ಎತ್ತಿ, ಎಲ್ಲರೂ ತನ್ನನ್ನೇ ಯಾಕೆ ನೋಡುತ್ತಿದ್ದಾರೆಂದು ಕಕ್ಕಾಬಿಕ್ಕಿಯಾದನಂತೆ. ಮಧುಮತಿ ಅಲ್ಲೇ ಒಂದು ಮರದ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. "ಯೂಸುಫ್ ಓಡಿ ಬಂದು ನೀರ ಕೊಟ್ಟಾ. ಇಬ್ರೂ ಕುಂತ ಅತ್ತಿವಿ."

ಏಳು ಗಂಟೆಗೆ ಐಸೆಲೆ ಬಂದ. ಯೂಸುಫ್‌ನ ರೇಡಿಯೊ ಎರಡು ದಿನದ ಹಿಂದೆ ಮೆಟ್ಟಿಲ ಮೇಲಿಂದ ಬಿದ್ದಿತ್ತು, ಬೈಯುತ್ತಾರೆಂದು ಅವನು ಬಾಯಿ ಬಿಟ್ಟಿರಲಿಲ್ಲ. ಐಸೆಲೆ ಅದನ್ನು ವರ್ಕ್‌ಶಾಪಿನ ಮೇಜಿನ ಮೇಲಿಟ್ಟು ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದಿದ. ತಣ್ಣಗಿರುವಾಗ ಸರಿಯಾಗಿದ್ದ ರೇಡಿಯೊ ಬಿಸಿಯಾದಂತೆ ಮೆಲ್ಲಗೆ ಜಾರಿ ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ ನಿಂತಿತು. ಬೆಳಗಿನ ತಪಾಸಣೆಯಲ್ಲಿ ಯಾಕೆ ಸಿಗಲಿಲ್ಲ ಎಂಬುದು ಗೊತ್ತಾಯಿತು. ಮತ್ತೆ ಇವಳಿಗೆ ಹೇಗೆ ಸಿಕ್ಕಿತು? ಮಧುಮತಿ ಹತ್ತನೇ ಓಣಿಯ ಮೊದಲ ಮನೆ ತೋರಿಸಿದರು.

ಐಸೆಲೆ ಕಪಾಟಿನಿಂದ ಅದೇ ಮಾದರಿಯ ಇನ್ನೊಂದು ಸ್ಕ್ಯಾನರ್ ತೆಗೆದ. ಅವನೇ ಕೈಯಾರೆ ನೂರಕ್ಕೆ ನೂರು ತುಂಬಿಟ್ಟಿದ್ದ ಯಂತ್ರ. ಆ ದಾರಿ ತಪ್ಪಿದ ಅಂಕಿಯನ್ನು ಅದಕ್ಕೆ ಹಾಕಲು ನೋಡಿದ. ಯಂತ್ರ ಜಾಗವಿಲ್ಲ ಎಂದಿತು. ಇನ್ನೊಮ್ಮೆ ಒತ್ತಿದ. ಇನ್ನೊಮ್ಮೆಯೂ ಜಾಗವಿಲ್ಲ. ಅದನ್ನು ಓಡಲು ಬಿಟ್ಟು ಯೂಸುಫ್‌ನ ರೇಡಿಯೊದಲ್ಲಿ ಒಂದು ಎರಡು ಮೂರು ಎಂದು ಎಣಿಸಿದ. ನೂರು ಮನೆಗಳ ಮೇಲೂ ಜಿಗಿದು ಜಿಗಿದು ಹೋದ ಯಂತ್ರ, ನಡುವಿನ ಬಯಲಿನಲ್ಲಿದ್ದ ಆ ದನಿಯನ್ನು ಒಮ್ಮೆಯೂ ಕೇಳಲಿಲ್ಲ.

"ಆಮ್ಯಾಲೆ ಕುರ್ಚಿ ಎಳದು, ಕುಂದರು ಅಂದಾ. ಏನದು ನಿನ್ನ ರೂಢಿ, ಈಗ ಹೇಳು, ಅಂದಾ. ಹೇಳಿದ್ನಿರಿ. ಬರೂದು ಬಾರದ್ದು ಕೂಡಿಸಿ ಹೇಳಿದ್ನಿ. ನಮ್ಮ ಅಪ್ಪನ ಅಂಗಡಿ, ವಹಿ, ಶ್ರೀ, ಎಲ್ಲಾ. ಕಾಗದದ ಮ್ಯಾಲೆ ಬರದೂ ತೋರಿಸ್ದೆ. ಭಾಳ ಹೊತ್ತ ಆ ಅಕ್ಷರ ನೋಡಿದಾ. ನಗತಾನ ಅಂದ್ಕೊಂಡಿದ್ದೆ. ನಗಲಿಲ್ರಿ."

ಸೋಮವಾರ ಮೇಜಿನ ಮೇಲೆ ಎರಡು ಸ್ಕ್ಯಾನರ್ ಇದ್ದವು. ಒಂದಕ್ಕೆ ಐವತ್ತು, ಇನ್ನೊಂದಕ್ಕೆ ಐವತ್ತು. ಎರಡರಲ್ಲೂ ಪ್ರತಿ ಓಣಿಯ ಮೊದಲ ಮನೆ ಖಾಲಿ. ಪ್ರತಿ ಯಂತ್ರಕ್ಕೂ ನೂರೂ ಚಾನೆಲ್ಲಿನ ಅಂಕಿ ಬರೆದ ಒಂದು ಕಾರ್ಡು ದಾರದಲ್ಲಿ ಕಟ್ಟಿತ್ತು, ಅದು ಐಸೆಲೆಯ ಪಾಲಿನ ಗೆಲುವು. ಜ್ವರದ ಮಾತನ್ನು ಅವನು ಮರೆತಿರಲಿಲ್ಲ, ಮರೆಯಬೇಕಾಗಿಯೂ ಇರಲಿಲ್ಲ. ವಾರಕ್ಕೊಮ್ಮೆ ಯಾರಾದರೊಬ್ಬರು ತಿರುಗಣಿ ತಿರುಗಿಸಿ ಬಯಲುಗಳ ಮೇಲೂ ಕಿವಿಯಾಡಿಸಬೇಕೆಂಬ ನಿಯಮವನ್ನೂ ಸೇರಿಸಿದ. ಈಗ ಈ ವರ್ಕ್‌ಶಾಪಿನಿಂದ ಯಾವ ಕಾರ್ಖಾನೆಗೆ ಸ್ಕ್ಯಾನರ್ ಹೋದರೂ, ಡ್ಯೂಸೆಲ್ಡಾರ್ಫ್‌ನ ಕಡೆಯ ಒಂದು ಗೋದಾಮಿಗೆ ಹೋದ ನಾಲ್ಕೂ ಸೇರಿ, ಮೊದಲ ಮನೆ ಖಾಲಿ ಇಟ್ಟೇ ಹೋಗುತ್ತದೆ. ಒಂಬತ್ತು ಜನ ಕೆಲಸಗಾರರು ಅದನ್ನು ಕರೆಯುವುದು "ಮಧುವಿನ ಜಾಗ" ಎಂದು. ಇದುವರೆಗೆ ಹದಿನೇಳು ಯಂತ್ರ, ನೂರ ಎಪ್ಪತ್ತು ಖಾಲಿ ಮನೆ. ಎಲ್ಲಿಯ ಚಿಕ್ಕೋಡಿ, ಎಲ್ಲಿಯ ಡ್ಯೂಸೆಲ್ಡಾರ್ಫ್!

ಏಪ್ರಿಲ್ ಒಂದಕ್ಕೆ ಕೆಲಸ ಕಾಯಂ ಎಂಬ ಪತ್ರ ಬಂತು. ಪ್ರವೀಣಕುಮಾರ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು, ತಮ್ಮ ಗ್ರೀನ್ ಕಾರ್ಡಿನ ಜೆರಾಕ್ಸ್ ತೆಗೆದು ಅದೇ ಜಾಗದಲ್ಲಿ. "ತುಂಬಿಬಿಡು ಅಂದಿದ್ದೆ ನೋಡ್ರಿ, ನನ್ನ ಮಾತ ಕೇಳಿದ್ರ ಏನಾಗತಿತ್ತು," ಎಂದು ತಲೆ ಕೆರೆದುಕೊಳ್ಳುತ್ತಾರೆ ಅವರು. ಧೃತಿ ಕಿಂಡರ್‌ಗಾರ್ಟನ್‌ನಲ್ಲಿ ಬಿಡಿಸಿದ ಚಿತ್ರದಲ್ಲಿ ಅಪ್ಪ ಚಿಕ್ಕದಾಗಿ ಮೂಲೆಯಲ್ಲಿದ್ದಾನೆ. ಅಮ್ಮನ ತಲೆಯ ಮೇಲೆ ನೀಲಿ ಹೆಲ್ಮೆಟ್, ಎರಡೂ ಕೈಯಲ್ಲಿ ಕಪ್ಪು ಡಬ್ಬಿ, ಕ್ರೇನಿಗಿಂತ ಎತ್ತರ.

ದೇವರೇ ಕಾಪಾಡಿದ ಅನ್ನುತ್ತೀರಾ ಎಂದು ಮಧುಮತಿಯವರನ್ನು ಕೇಳಿದೆವು. "ಹಂಗ ಹೇಳಾಕ ನಾ ಎಷ್ಟರಾಕಿರಿ? ಜಾಗ ಇತ್ತು, ನಾ ಕಿವಿಗೊಟ್ಟ ಕೇಳಿದ್ನಿ. ಕೆಲ್ಸ ಮಾಡೂದು ಅಷ್ಟ ನಂದು." ಮತ್ತೆ ಆಸೆ ಏನಾದರೂ ಇದೆಯೇ? ಇದೆಯಂತೆ, ಒಂದೇ ಒಂದು. "ಊರಾಗ ಅಪ್ಪನ ಅಂಗಡಿಗೆ ಬಂದಾವ್ರೆಲ್ಲಾ ಅಳಿಯ ಹೆಂಗದಾನ, ಅಳಿಯ ಜರ್ಮನಿಯಾಗ ಏನ್ ಮಾಡ್ತಾನ ಅಂತನ ಕೇಳ್ತಾರ್ರಿ. ಒಮ್ಮೆರ ಯಾರರ, ಮಗಳು ಏನ್ ಮಾಡ್ತಾಳ ಅಂತ ಕೇಳಬೇಕ್ರಿ. ಇಷ್ಟ ನೋಡ್ರಿ."

ಆ ಶುಕ್ರವಾರದ ಕಥೆಯನ್ನು ಆಕೆ ಅಪ್ಪನಿಗೆ ಫೋನಿನಲ್ಲಿ ಹೇಳಿದ್ದು ಭಾನುವಾರ, ಅಂಗಡಿಗೆ ರಜೆಯಿಲ್ಲದ ದಿನ. ಹಾಲಸಿದ್ದಪ್ಪನವರು ಪೂರ್ತಿ ಕೇಳಿದರು. ಕಡೆಗೆ ಹಿಂದೆಲ್ಲೋ ಬಸ್ಸಿನ ಹಾರನ್ನು, ವಹಿಯ ಪುಟ ತಿರುವಿದ ಸದ್ದು. ಆಮೇಲೆ ಅಪ್ಪ ಹೇಳಿದ ಮಾತನ್ನು ಮಧುಮತಿ ನಮಗೆ ಹೇಳುವಾಗ ಎದ್ದು ನಿಂತುಕೊಂಡರು.

"ನಲವತ್ತ ವರ್ಷ ಆ ಸಾಲ ಬಿಟಗೊಂತ ಬಂದೇನವಾ. ಯಾಕ ಬಿಟ್ಟೀರಿ ಅಂತ ಎಷ್ಟೋ ಮಂದಿ ಕೇಳ್ಯಾರ. ನನಗ ಗೊತ್ತಿರಲಿಲ್ಲ, ನಮ್ಮಪ್ಪ ಬಿಡತಿದ್ದಾ ಅಂತಿದ್ನಿ. ಇನ್ನ ಮ್ಯಾಲೆ ಯಾರರ ಕೇಳಿದ್ರ, ಅದೇನಿದ್ರೂ ನಮ್ಮ ಮಗಳನ್ನ ಕೇಳ್ರಿ ಅಂತೇನಿ."